ಸಮುದಾಯ ನಿರ್ವಹಣೆಯ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕನ್ನಡ: ಕೊರತೆಗಳು ಮತ್ತು ಸುಧಾರಣೆಯ ದಾರಿಗಳು

ಪೀಠಿಕೆ

ಗಣಕಯಂತ್ರದಲ್ಲಿ ಕನ್ನಡದ ಬಳಕೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಕೀಲಿಮಣೆ, ಅಕ್ಷರಶೈಲಿ ಹಾಗೂ ಸಂಕೇತೀಕರಣ ಎಂಬ ಮೂರು ವಿಷಯಗಳ ಸುತ್ತ ನಡೆದಿವೆ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸ, ಶೇಷಾದ್ರಿ ವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಯೂನಿಕೋಡ್ ಶಿಷ್ಟತೆಯ ಅಂಗೀಕಾರ ಇವೆಲ್ಲ ಈ ಚರಿತ್ರೆಯ ಮುಖ್ಯ ಘಟ್ಟಗಳು. ಈ ಪ್ರಯತ್ನಗಳಿಂದಾಗಿ ಕನ್ನಡದಲ್ಲಿ ಬರೆಯುವುದು ಸಾಧ್ಯವಾಯಿತು. ಆದರೆ ಗಣಕಯಂತ್ರವು ತಾನೇ ಬಳಕೆದಾರರೊಡನೆ ಕನ್ನಡದಲ್ಲಿ ವ್ಯವಹರಿಸಬೇಕೆಂಬ ಇನ್ನೊಂದು ಅಗತ್ಯಕ್ಕೆ ವಿದ್ವತ್ ವಲಯದಲ್ಲಿ ಅಷ್ಟು ಗಮನ ದೊರೆತಿಲ್ಲ. ಮೆನು, ಸೂಚನೆ, ಎಚ್ಚರಿಕೆ, ದೋಷಸಂದೇಶ ಇವುಗಳ ಭಾಷೆ ಯಾವುದು, ಅದನ್ನು ರೂಪಿಸುವವರು ಯಾರು, ತಪ್ಪಾದಾಗ ತಿದ್ದುವವರು ಯಾರು ಎಂಬುವು ಭಾಷಾಧ್ಯಯನದ ಪ್ರಶ್ನೆಗಳೂ ಹೌದು.

ಈ ಪ್ರಶ್ನೆಗಳನ್ನು ಖಾಸಗಿ ಕಂಪನಿಯೊಂದರ ಕಾರ್ಯಾಚರಣ ವ್ಯವಸ್ಥೆಯ ಸಂದರ್ಭದಲ್ಲಿ ಕೇಳಿದರೆ ದೊರೆಯುವ ಉತ್ತರ ಸರಳ: ರೂಪಿಸುವವರೂ ತಿದ್ದುವವರೂ ಆ ಕಂಪನಿಯವರೇ. ಡೆಬಿಯನ್, ಉಬುಂಟು ಮೊದಲಾದ ಮುಕ್ತ ತಂತ್ರಾಂಶಗಳ ವಿಷಯದಲ್ಲಿ ಉತ್ತರ ಬೇರೆ. ಅಲ್ಲಿ ತಿದ್ದುವ ಹಕ್ಕು ಬಳಸುವ ಸಮುದಾಯಕ್ಕೇ ಇದೆ. ಆ ಹಕ್ಕನ್ನು ಕನ್ನಡ ಸಮುದಾಯ ಎಷ್ಟರಮಟ್ಟಿಗೆ ಚಲಾಯಿಸಿದೆ, ಕೊರತೆಗಳು ಎಲ್ಲಿವೆ, ಅವುಗಳನ್ನು ನೀಗುವ ಬಗೆ ಯಾವುದು ಎಂಬುದನ್ನು ದಕ್ಷಿಣ ಬೆಂಗಳೂರಿನಿಂದ ಹೊರಟ ಒಂದು ಶೈಕ್ಷಣಿಕ ಪ್ರಯತ್ನದ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ವ್ಯವಸ್ಥೆಯ ಸ್ವರೂಪ

ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಘೋಷಿಸಿದ ಗ್ನು ಯೋಜನೆ ಹಾಗೂ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ತಿರುಳು ಇವೆರಡರ ಕೂಡುವಿಕೆಯಿಂದ ಗ್ನು/ಲಿನಕ್ಸ್ ರೂಪುಗೊಂಡಿತು. 1993ರಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದ ಡೆಬಿಯನ್, ಇದನ್ನು ಸ್ವಯಂಸೇವಕರೇ ನಿರ್ವಹಿಸುವ ಪೂರ್ಣ ವ್ಯವಸ್ಥೆಯನ್ನಾಗಿ ಕಟ್ಟಿತು. 1997ರಲ್ಲಿ ಡೆಬಿಯನ್ ಸಮುದಾಯ ಅಂಗೀಕರಿಸಿದ ‘ಸಾಮಾಜಿಕ ಒಪ್ಪಂದ’ವು ವ್ಯವಸ್ಥೆಯನ್ನು ಮುಕ್ತವಾಗಿ ಉಳಿಸುವ, ದೋಷಗಳನ್ನು ಮುಚ್ಚಿಡದೆ ಬಹಿರಂಗವಾಗಿಡುವ ಮಾತು ಕೊಡುತ್ತದೆ. 2004ರಲ್ಲಿ ಮೊದಲ ಆವೃತ್ತಿ ಕಂಡ ಉಬುಂಟು, ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಬಾಸ್’ ಇವೆರಡೂ ಡೆಬಿಯನ್ನಿನ ಶಾಖೆಗಳು.

ಇಂಥ ವ್ಯವಸ್ಥೆಯನ್ನು ಒಂದು ಮರಕ್ಕೆ ಹೋಲಿಸಬಹುದು. ಬೇರಿನಲ್ಲಿ ಮಾಡಿದ ತಿದ್ದುಪಡಿ ಕಾಲಕ್ರಮದಲ್ಲಿ ಎಲ್ಲ ಕೊಂಬೆಗಳಿಗೂ ತಲಪುತ್ತದೆ. ಕೊಂಬೆಯಲ್ಲಿ ಮಾತ್ರ ಮಾಡಿದ ತಿದ್ದುಪಡಿ ಆ ಕೊಂಬೆಯೊಡನೆ ಮುಗಿಯುತ್ತದೆ. ಬಳಕೆದಾರರ ಕಣ್ಣಿಗೆ ಬೀಳುವ ಕನ್ನಡ ವಾಕ್ಯಗಳೂ ಈ ನಿಯಮಕ್ಕೆ ಒಳಪಟ್ಟಿವೆ. ಕಡತಗಳನ್ನು ತೋರಿಸುವ ಕಿಟಕಿಯ ಕನ್ನಡ ಗ್ನೋಮ್ ಯೋಜನೆಯಿಂದಲೂ, ಪಠ್ಯ ಸಂಪಾದಕದ ಕನ್ನಡ ಲಿಬ್ರೆ ಆಫೀಸ್ ಯೋಜನೆಯಿಂದಲೂ, ಸ್ಥಾಪನೆಯ ಹಂತದ ಕನ್ನಡ ಡೆಬಿಯನ್ನಿನಿಂದಲೂ ಬರುತ್ತವೆ. ಒಂದೇ ತೆರೆಯ ಮೇಲೆ ಕಾಣುವ ಕನ್ನಡಕ್ಕೆ ಹಲವು ಮೂಲಗಳಿವೆ ಎಂಬ ಅಂಶ ಮುಂದಿನ ಚರ್ಚೆಗೆ ಮುಖ್ಯವಾದುದು.

2. ದಕ್ಷಿಣ ಬೆಂಗಳೂರಿನ ಪ್ರಯತ್ನ

ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬನಶಂಕರಿ 3ನೆಯ ಹಂತದಲ್ಲಿದೆ. ಶಿಕ್ಷಣ ಮತ್ತು ತಂತ್ರಜ್ಞಾನ ಕ್ಷೇತ್ರದಲ್ಲಿ ಕೆಲಸ ಮಾಡುವ ‘ಐಟಿ ಫಾರ್ ಚೇಂಜ್’ ಸಂಸ್ಥೆಯದು ಜಯನಗರದ ನೆಲೆ. ಇವೆರಡರ ಸಹಯೋಗದಲ್ಲಿ 2011ರಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮ ಆರಂಭವಾಯಿತು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಗಣಕ ಬಳಕೆಯ ತರಬೇತಿಯನ್ನು ಉಬುಂಟು ಮತ್ತು ಇತರ ಮುಕ್ತ ತಂತ್ರಾಂಶಗಳ ಮೂಲಕ ನೀಡಲಾಯಿತು. ಮುಂದೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಹೆಸರಿನಲ್ಲಿ ಕನ್ನಡ ಹಾಗೂ ಇಂಗ್ಲಿಷಿನಲ್ಲಿ ಪಾಠಸಾಮಗ್ರಿಯ ಭಂಡಾರವೊಂದು ಬೆಳೆಯಿತು.

ಈ ಪ್ರಯತ್ನದ ಮಹತ್ತ್ವವನ್ನು ಎರಡು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದಾಗಿ, ಪರವಾನಗಿಯ ಹಣ ಕೊಡದೆ, ಪ್ರತಿ ಮಾಡಿ ಹಂಚುವ ಹಕ್ಕಿನೊಡನೆ ತಂತ್ರಾಂಶ ಶಾಲೆಗಳಿಗೆ ದೊರೆಯಿತು. ಎರಡನೆಯದಾಗಿ, ಅಲ್ಲಿಯವರೆಗೆ ಬೆಂಗಳೂರಿನ ಎಂಜಿನಿಯರುಗಳ, ತಂತ್ರಜ್ಞಾನ ಸಮ್ಮೇಳನಗಳ ವಲಯದಲ್ಲಿದ್ದ ಮುಕ್ತ ತಂತ್ರಾಂಶದ ವಿಚಾರ ಕನ್ನಡ ಮಾಧ್ಯಮದ ಶಿಕ್ಷಕರನ್ನು ಮುಟ್ಟಿತು. ಕನ್ನಡದಲ್ಲೇ ಯೋಚಿಸಿ ಕನ್ನಡದಲ್ಲೇ ಪಾಠ ಹೇಳುವ ಬಳಕೆದಾರರ ದೊಡ್ಡ ಗುಂಪು ಈ ವ್ಯವಸ್ಥೆಗೆ ಮೊದಲ ಬಾರಿಗೆ ಒದಗಿತು.

ಆದರೆ ಬಳಕೆದಾರರು ಹೆಚ್ಚಿದಂತೆ ನಿರ್ವಹಿಸುವವರೂ ಹೆಚ್ಚುತ್ತಾರೆ ಎಂದು ಹೇಳಲಾಗದು. ಕನ್ನಡ ಪಠ್ಯವನ್ನು ಮೂಲ ಯೋಜನೆಗಳಲ್ಲಿ ಅನುವಾದಿಸಿದವರು ಎಂದಿಗೂ ಬೆರಳೆಣಿಕೆಯ ಮಂದಿ. ಅವರಲ್ಲಿ ಕೆಲವರು ಉದ್ಯೋಗದ ಭಾಗವಾಗಿ, ಉಳಿದವರು ಬಿಡುವಿನ ವೇಳೆಯಲ್ಲಿ ದುಡಿದವರು. ಒಬ್ಬರು ಕೈಬಿಟ್ಟರೆ ಅವರ ಪಾಲಿನ ಕೆಲಸ ನಿಲ್ಲುವ ಸ್ಥಿತಿ ಇಲ್ಲಿಯದು. ಇಲ್ಲಿನ ಮೂಲ ಕೊರತೆ ತಂತ್ರದ್ದಲ್ಲ, ನಿರ್ವಹಣೆಯದು ಎಂಬುದನ್ನು ಮುಂದಿನ ಮೂರು ಭಾಗಗಳು ವಿವರಿಸುತ್ತವೆ.

3. ಅನುವಾದದ ಸವೆತ

ಮುದ್ರಿತ ಗ್ರಂಥವೊಂದನ್ನು ಅನುವಾದಿಸಿದರೆ ಕೆಲಸ ಮುಗಿಯಿತು. ತಂತ್ರಾಂಶದ ಅನುವಾದ ಹಾಗಲ್ಲ. ಈ ಯೋಜನೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಗೆಟ್‌ಟೆಕ್ಸ್ಟ್’ ಎಂಬ ವಿಧಾನದಲ್ಲಿ ಪ್ರತಿಯೊಂದು ಇಂಗ್ಲಿಷ್ ವಾಕ್ಯದ ಎದುರಿಗೆ ಅದರ ಕನ್ನಡ ವಾಕ್ಯವನ್ನು ದಾಖಲಿಸಲಾಗುತ್ತದೆ. ಮೂಲ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ಬದಲಾದರೂ ಅದಕ್ಕೆ ಹೊಂದಿದ್ದ ಕನ್ನಡ ವಾಕ್ಯ ‘ಅನಿಶ್ಚಿತ’ವೆಂಬ ಗುರುತು ಪಡೆಯುತ್ತದೆ. ಅನುವಾದಕರು ಮತ್ತೆ ಪರಿಶೀಲಿಸಿ ಆ ಗುರುತನ್ನು ತೆಗೆಯುವವರೆಗೆ ತೆರೆಯ ಮೇಲೆ ಇಂಗ್ಲಿಷ್ ವಾಕ್ಯವೇ ಕಾಣಿಸುತ್ತದೆ. ಗ್ನೋಮ್ ಯೋಜನೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಹೊರತರುತ್ತದೆ. ಯಾರೂ ಕೈಹಚ್ಚದೆ ಬಿಟ್ಟರೆ ಒಮ್ಮೆ ಪೂರ್ಣವಾಗಿದ್ದ ಕನ್ನಡ ಆವೃತ್ತಿಯಿಂದ ಆವೃತ್ತಿಗೆ ಸವೆಯುತ್ತ ಹೋಗುತ್ತದೆ. ಹಳೆಯ ಮೆನು ಕನ್ನಡದಲ್ಲಿ, ಹೊಸ ಸೌಲಭ್ಯ ಇಂಗ್ಲಿಷಿನಲ್ಲಿ ಎಂಬ ಮಿಶ್ರರೂಪಕ್ಕೆ ಕಾರಣ ಇದು. ಅನುವಾದಕರ ಉದಾಸೀನಕ್ಕಿಂತ ಈ ವಿಧಾನದ ಸ್ವಭಾವವೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ.

ಇದಕ್ಕೆ ವಿರುದ್ಧ ದಿಕ್ಕಿನ ತೊಡಕೂ ಒಂದಿದೆ. ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ: 12ನೆಯದು 2023ರ ಜೂನ್‌ನಲ್ಲಿ, 13ನೆಯದು 2025ರ ಆಗಸ್ಟ್‌ನಲ್ಲಿ ಹೊರಬಂದಿತು. ಸ್ಥಿರ ಆವೃತ್ತಿಯಲ್ಲಿ ಭದ್ರತೆಯಂಥ ಗಂಭೀರ ದೋಷಗಳನ್ನು ಮಾತ್ರ ತಿದ್ದುವುದು ವಾಡಿಕೆ. ಬಿಡುಗಡೆಗೆ ಮುನ್ನ ಗಮನಿಸದೆ ಹೋದ ಕಾಗುಣಿತದ ತಪ್ಪು ಮುಂದಿನ ಆವೃತ್ತಿಯವರೆಗೆ ಶಾಲೆಯ ಗಣಕದಲ್ಲಿ ಉಳಿಯುತ್ತದೆ. ಹಾಗಾಗಿ ಅನುವಾದದ ಪರಿಶೀಲನೆ ಬಿಡುಗಡೆಯ ಮುಂಚಿನ ನಿಶ್ಚಿತ ಅವಧಿಯಲ್ಲಿ ನಡೆಯಬೇಕು. ವಾರ್ಷಿಕ ಉತ್ಸವದಂತೆ ನಡೆಯುವ ಒಂದು ದಿನದ ಅನುವಾದ ಶಿಬಿರಗಳಿಂದ ಈ ಅಗತ್ಯ ಪೂರೈಸುವುದಿಲ್ಲ.

ಮೂರನೆಯ ಕೊರತೆ ಇನ್ನೂ ಸೂಕ್ಷ್ಮವಾದುದು. ಚಿತ್ರಾತ್ಮಕ ತೆರೆಯಿಲ್ಲದೆ ಪಠ್ಯವನ್ನಷ್ಟೇ ತೋರಿಸುವ ಲಿನಕ್ಸ್ ತೆರೆಗೆ ಗರಿಷ್ಠ 512 ಅಕ್ಷರಾಕೃತಿಗಳ ಮಿತಿಯಿದೆ; ಒತ್ತಕ್ಷರಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಡೆಬಿಯನ್ನಿನ ಸ್ಥಾಪನಾ ತಂತ್ರಾಂಶದಲ್ಲಿ ಕನ್ನಡ ಚಿತ್ರಾತ್ಮಕ ವಿಧಾನದಲ್ಲಿ ಮಾತ್ರ ದೊರೆಯುತ್ತದೆ. ಯಂತ್ರ ಸರಿಯಾಗಿ ಆರಂಭವಾಗದೆ ಪಠ್ಯ ತೆರೆಗೆ ಇಳಿದಾಗ ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಸುಸ್ಥಿತಿಯಲ್ಲಿ ಕನ್ನಡ, ಸಂಕಷ್ಟದಲ್ಲಿ ಇಂಗ್ಲಿಷ್ ಎಂಬ ಈ ಸ್ಥಿತಿ, ಸಹಾಯ ಹೆಚ್ಚು ಬೇಕಾದ ಹೊತ್ತಿನಲ್ಲೇ ಶಿಕ್ಷಕರ ಕೈಬಿಡುತ್ತದೆ.

4. ವ್ಯಾಕರಣದ ತೊಡಕುಗಳು

ಸಂದೇಶಗಳ ಇಂಗ್ಲಿಷ್ ರಚನೆಯಲ್ಲಿ ಒಂದು ಖಾಲಿ ಜಾಗವಿಟ್ಟು, ಅಲ್ಲಿ ಕಡತದ ಹೆಸರನ್ನೋ ಬಳಕೆದಾರರ ಹೆಸರನ್ನೋ ಯಂತ್ರವೇ ತುಂಬುವ ಪದ್ಧತಿಯಿದೆ. ಇಂಗ್ಲಿಷಿನಲ್ಲಿ ಕರ್ಮಪದಕ್ಕೆ ವಿಭಕ್ತಿ ಪ್ರತ್ಯಯ ಹತ್ತುವುದಿಲ್ಲವಾದ್ದರಿಂದ ಯಾವ ಹೆಸರು ತುಂಬಿದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಪ್ರತ್ಯಯವು ಪ್ರಕೃತಿಯ ಕೊನೆಯ ಸ್ವರವನ್ನು ಅನುಸರಿಸಿ ರೂಪ ತಾಳುತ್ತದೆ: ಪಾಠವನ್ನು, ಪಟ್ಟಿಯನ್ನು, ಗುರುವನ್ನು. ತುಂಬುವ ಹೆಸರು ಯಾವುದೆಂದು ಅನುವಾದಕರಿಗೆ ತಿಳಿಯದ ಕಾರಣ ‘____ ಅನ್ನು ಅಳಿಸಬೇಕೆ?’ ಎಂಬಂಥ ಬಿಡಿಬಿಡಿಯಾದ ವಾಕ್ಯಗಳು ಹುಟ್ಟುತ್ತವೆ. ಸಂಧಿಯಿಲ್ಲದ ಈ ‘ಅನ್ನು’ ಗಣಕದ ಕನ್ನಡದ ಲಕ್ಷಣವೇ ಆಗಿಬಿಟ್ಟಿದೆ. ಇದಕ್ಕೆ ಪರಿಹಾರ ಭಾಷೆಯೊಳಗೇ ಇದೆ. ‘____ ಎಂಬ ಕಡತವನ್ನು ಅಳಿಸಬೇಕೆ?’ ಎಂದು ಸಾಮಾನ್ಯ ನಾಮವೊಂದನ್ನು ಸೇರಿಸಿದರೆ ಪ್ರತ್ಯಯ ತನ್ನ ಸ್ಥಾನದಲ್ಲಿ ನಿಲ್ಲುತ್ತದೆ, ವಾಕ್ಯವೂ ಸಹಜವಾಗುತ್ತದೆ.

ಲಿಂಗ ಮತ್ತು ವಚನದ ವಿಷಯದಲ್ಲೂ ಇಂಥದೇ ಸಮಸ್ಯೆ. ಗೆಟ್‌ಟೆಕ್ಸ್ಟ್ ವಿಧಾನ ಏಕವಚನ, ಬಹುವಚನ ರೂಪಗಳನ್ನು ಸಂಖ್ಯೆಯ ಆಧಾರದಿಂದ ಮಾತ್ರ ಆರಿಸುತ್ತದೆ. ಕನ್ನಡದಲ್ಲಿ ನಪುಂಸಕ ನಾಮಗಳಿಗೆ ಸಂಖ್ಯಾವಾಚಕದ ಮುಂದೆ ಬಹುವಚನ ಪ್ರತ್ಯಯ ಕಡ್ಡಾಯವಲ್ಲ. ‘ಐದು ಕಡತ’ ಎಂದರೂ ಸಾಧು. ಮನುಷ್ಯವಾಚಕಗಳಲ್ಲಿ ‘ಐವರು’ ಎಂಬ ಬೇರೆ ರೂಪವೇ ಬೇಕಾಗುತ್ತದೆ. ಕ್ರಿಯಾಪದದಲ್ಲಿ ಬಂದಿದ್ದಾನೆ, ಬಂದಿದ್ದಾಳೆ ಎಂಬ ಭೇದವನ್ನು ಯಂತ್ರ ಅರಿಯದು; ‘ಬಂದಿದ್ದಾರೆ’ ಎಂಬ ಗೌರವ ಬಹುವಚನವನ್ನು ಎಲ್ಲೆಡೆ ಬಳಸುವುದು ಸರಳವೂ ಶಿಷ್ಟವೂ ಆದ ದಾರಿ. ಇಂಥ ನಿರ್ಣಯಗಳನ್ನು ಬಿಡಿ ಅನುವಾದಕರು ತಮ್ಮ ತಮ್ಮ ತಿಳಿವಳಿಕೆಯಂತೆ ಕೈಗೊಂಡಾಗ ಒಂದೇ ತೆರೆಯ ಮೇಲೆ ಹಲವು ಶೈಲಿಗಳು ಸೇರಿಕೊಳ್ಳುತ್ತವೆ.

ಪಾರಿಭಾಷಿಕ ಪದಗಳ ಗೊಂದಲ ಎಲ್ಲರ ಅನುಭವಕ್ಕೂ ಬಂದಿರುವಂಥದು. ಒಂದೆಡೆ ‘ಗುಪ್ತಪದ’, ಇನ್ನೊಂದೆಡೆ ‘ಪ್ರವೇಶಪದ’, ಮತ್ತೊಂದೆಡೆ ‘ಪಾಸ್‌ವರ್ಡ್’ ಎಂದಿದ್ದರೆ ಮೂರೂ ಒಂದೇ ಎಂದು ವಿದ್ಯಾರ್ಥಿ ಊಹಿಸಬೇಕಾಗುತ್ತದೆ. ಪದಗಳ ಏಕರೂಪತೆಗಾಗಿ 2008ರಲ್ಲಿ ರೆಡ್ ಹ್ಯಾಟ್ ಆರಂಭಿಸಿದ ‘ಫ್ಯುಯೆಲ್’ ಯೋಜನೆ ಹೆಚ್ಚು ಬಳಕೆಯ ಪದಗಳ ಪಟ್ಟಿಗಳನ್ನು ಭಾರತೀಯ ಭಾಷೆಗಳಿಗೆ ಸಿದ್ಧಪಡಿಸಿತು. ಪಟ್ಟಿ ಸಿದ್ಧವಾಗುವುದು ಮೊದಲ ಹೆಜ್ಜೆ; ತರಗತಿಯ ಬಳಕೆಯಲ್ಲಿ ಪದ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ಪರಿಷ್ಕರಿಸುವುದು ಎರಡನೆಯದು. ಎರಡನೆಯ ಹೆಜ್ಜೆಗೆ ಹೊಣೆಗಾರರು ಇಲ್ಲದಿರುವುದೇ ಸಮಸ್ಯೆ.

ಕಾಗುಣಿತ ಪರೀಕ್ಷಕದ ಸ್ಥಿತಿಯೂ ವ್ಯಾಕರಣಕ್ಕೆ ಸಂಬಂಧಿಸಿದುದೇ. ಲಿಬ್ರೆ ಆಫೀಸ್ ಬಳಸುವ ‘ಹನ್‌ಸ್ಪೆಲ್’ ಪರೀಕ್ಷಕವು ಒಂದು ಪದದಿಂದ ಎರಡು ಹಂತದ ಪ್ರತ್ಯಯಗಳನ್ನು ಬಿಡಿಸಬಲ್ಲದು. ‘ಮರಗಳಲ್ಲಿಯೂ’ ಎಂಬ ಸಾಧಾರಣ ಪದದಲ್ಲಿ ಬಹುವಚನ, ಸಪ್ತಮಿ ವಿಭಕ್ತಿ, ಸಮುಚ್ಚಯ ಎಂಬ ಮೂರು ಪದರಗಳಿವೆ. ಪ್ರತ್ಯಯಗಳ ಜೋಡಣೆಗಳನ್ನು ಮೊದಲೇ ಕೂಡಿಸಿ ನಿಯಮಗಳಾಗಿ ಬರೆದುಕೊಟ್ಟರೆ ಈ ಮಿತಿಯನ್ನು ಬಹುಪಾಲು ದಾಟಬಹುದು. ಅದಕ್ಕೆ ಬೇಕಾದುದು ಪ್ರಕೃತಿಗಳ ವರ್ಗೀಕರಣ ಮತ್ತು ಪ್ರತ್ಯಯಗಳ ಪೂರ್ಣ ಕೋಷ್ಟಕ. ಅಂದರೆ ಕನ್ನಡ ವಿಭಾಗಗಳಲ್ಲಿ ತಲೆಮಾರುಗಳಿಂದ ಪಾಠವಾಗುತ್ತಿರುವ ವಿದ್ಯೆ.

5. ಲಿಪಿ, ಅಕಾರಾದಿ ಮತ್ತು ಹುಡುಕಾಟ

ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಇಲ್ಲಿ ‘ಲ’ಕಾರಕ್ಕೆ 3250, ‘ಳ’ಕಾರಕ್ಕೆ 3251, ‘ಹ’ಕಾರಕ್ಕೆ 3257 ಸಂಖ್ಯೆಗಳಿವೆ. ವರ್ಣಮಾಲೆಯಲ್ಲಿ ಕೊನೆಗೆ ಬರುವ ‘ಳ’ಕಾರ ಸಂಕೇತಗಳ ಕ್ರಮದಲ್ಲಿ ‘ವ’ಕಾರಕ್ಕಿಂತ ಮೊದಲೇ ಬರುತ್ತದೆ. ಅನುಸ್ವಾರದ ಸಂಖ್ಯೆ 3202, ‘ಅ’ಕಾರದ್ದು 3205, ಔಕಾರದ ನಂತರ ಬರಬೇಕಾದ ಅನುಸ್ವಾರ ಅಕಾರಕ್ಕಿಂತ ಹಿಂದಿದೆ. ಸಂಕೇತದ ಸಂಖ್ಯೆಯನ್ನೇ ಆಧರಿಸಿ ಪಟ್ಟಿ ಜೋಡಿಸುವ ತಂತ್ರಾಂಶ ಕನ್ನಡದ ಅಕಾರಾದಿಯನ್ನು ಪಾಲಿಸದು. ಭಾಷಾವಾರು ಜೋಡಣೆಯ ನಿಯಮಗಳನ್ನು ಪ್ರತ್ಯೇಕವಾಗಿ ಬರೆದಿಡುವ ಅವಕಾಶ ವ್ಯವಸ್ಥೆಯಲ್ಲಿದೆ. ಆದರೆ ನಿಘಂಟಿನ ಕ್ರಮ ಯಾವುದು, ಹಳಗನ್ನಡದ ಱ, ೞಗಳ ಸ್ಥಾನ ಎಲ್ಲಿ ಎಂಬುದನ್ನು ವಿದ್ವಾಂಸರು ತೀರ್ಮಾನಿಸಿ ತಿಳಿಸಬೇಕು. ಅದು ಎಂಜಿನಿಯರುಗಳ ಕೆಲಸವಲ್ಲ.

ವಿದ್ವಾಂಸರ ಗಮನ ತಡವಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ‘ೞ’ಕಾರವೇ ನಿದರ್ಶನ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ‘ಫಾ’ ಎಂಬ ಹೆಸರು ತಪ್ಪಾಗಿ ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಶಿಷ್ಟತೆಯ ಕಟ್ಟಳೆ. ಹಾಗಾಗಿ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಲಾಯಿತು.

ಹುಡುಕಾಟದ ತೊಡಕು ಕಣ್ಣಿಗೆ ಕಾಣದಂಥದು. ‘ಕಾರ್ಯ’ ಎಂಬುದನ್ನು ಅರ್ಕಾವೊತ್ತಿನಿಂದ ಬರೆಯಬಹುದು. ಪೂರ್ಣ ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟು ‘ಕಾರ‍್ಯ’ ಎಂದೂ ಬರೆಯಬಹುದು. ಎರಡನೆಯ ರೂಪಕ್ಕೆ ಅಗೋಚರವಾದ ಜೋಡಕ ಸಂಕೇತವೊಂದು ಬೇಕು. ಅದನ್ನು ರಕಾರದ ನಂತರ, ವಿರಾಮ ಚಿಹ್ನೆಯ ಮುಂಚೆ ಇಡಬೇಕೆಂಬುದು ಶಿಷ್ಟತೆಯ ಸೂಚನೆ. ವಿರಾಮದ ನಂತರ ಇಟ್ಟ ಪಠ್ಯಗಳೂ ಬಳಕೆಯಲ್ಲಿವೆ. ಓದುಗರಿಗೆ ಒಂದೇ ಪದವಾದುದು ಯಂತ್ರಕ್ಕೆ ಮೂರು ಪದ. ಸಂಶೋಧಕರು ಪಠ್ಯಭಂಡಾರವೊಂದರಲ್ಲಿ ಪದವನ್ನು ಹುಡುಕಿ ಅದರ ಪ್ರಯೋಗಗಳನ್ನು ಎಣಿಸಿದಾಗ ಈ ಭೇದದಿಂದ ಲೆಕ್ಕವೇ ತಪ್ಪಬಹುದು. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಉಳಿದಿರುವ, ಯೂನಿಕೋಡ್ ಪೂರ್ವದ ಕಡತಗಳ ಪರಿವರ್ತನೆಯೂ ಈ ಎಚ್ಚರವನ್ನು ಬೇಡುತ್ತದೆ.

6. ಒಂದು ಆಕ್ಷೇಪ ಮತ್ತು ಒಂದು ಹೋಲಿಕೆ

ಕನ್ನಡದ ಮೆನು ಯಾರಿಗೂ ಬೇಡ, ಶಿಕ್ಷಕರೂ ಮಕ್ಕಳೂ ಇಂಗ್ಲಿಷ್ ಮೆನುವನ್ನೇ ಬಯಸುತ್ತಾರೆ ಎಂಬ ಆಕ್ಷೇಪವಿದೆ. ಇದನ್ನು ಪೂರ್ಣ ತಳ್ಳಿಹಾಕುವಂತಿಲ್ಲ. ಉದ್ಯೋಗದ ಸ್ಥಳದಲ್ಲಿ ಇಂಗ್ಲಿಷ್ ಮೆನುವೇ ಇರುವುದರಿಂದ ಅದರ ಪರಿಚಯ ಬೇಕೆಂಬ ನಿರೀಕ್ಷೆ ಸಹಜ. ಆದರೆ ಅರ್ಧ ಇಂಗ್ಲಿಷಿಗೆ ತಿರುಗಿರುವ, ಪದಗಳು ಒಂದಕ್ಕೊಂದು ಹೊಂದದ ಕನ್ನಡ ಮೆನುವನ್ನು ಮುಂದಿಟ್ಟು ಜನರ ಆಯ್ಕೆಯನ್ನು ಅಳೆಯುವುದು ನ್ಯಾಯವಲ್ಲ. ಕನ್ನಡ ಬೇಡವೆಂಬುದಕ್ಕೂ ಕೆಟ್ಟ ಕನ್ನಡ ಬೇಡವೆಂಬುದಕ್ಕೂ ಅಂತರವಿದೆ. ಸುಸ್ಥಿತಿಯ ಕನ್ನಡ ಆವೃತ್ತಿಯೊಂದು ಕೆಲವು ವರ್ಷ ನಿರಂತರವಾಗಿ ದೊರೆತ ಮೇಲಷ್ಟೇ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಾಧ್ಯ.

ಕೇರಳದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ 1999ರಲ್ಲಿ ಆರ್. ಚಿತ್ರಜಕುಮಾರ್, ಕೆ. ಎಚ್. ಹುಸೇನ್ ಮೊದಲಾದವರು ‘ರಚನಾ’ ಎಂಬ ಲಿಪಿ ಚಳವಳಿಯನ್ನು ಆರಂಭಿಸಿದರು. 2002ರಲ್ಲಿ ಹುಟ್ಟಿದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಬಳಗ ಭಾಷಾಸಕ್ತರನ್ನೂ ತಂತ್ರಜ್ಞರನ್ನೂ ಒಂದೆಡೆ ಕೂಡಿಸಿ ಅಕ್ಷರಶೈಲಿ, ಅನುವಾದಗಳ ನಿರ್ವಹಣೆಯನ್ನು ಮುಂದುವರಿಸಿದೆ. ಅಲ್ಲಿನ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ಮುಕ್ತ ತಂತ್ರಾಂಶದ ಮೇಲೆ ನಡೆಯಿತು. ಡೆಬಿಯನ್ನಿನ ಜಾಗತಿಕ ಸಮ್ಮೇಳನ ಭಾರತದಲ್ಲಿ ಮೊದಲ ಬಾರಿಗೆ 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ಜರುಗಿತು. ಕರ್ನಾಟಕದಲ್ಲಿ ತಂತ್ರಜ್ಞರಿಗೆ ಕೊರತೆಯಿಲ್ಲ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಶೈಲಿಗಳು ಕನ್ನಡಿಗರ ಸ್ವಂತ ಆಸಕ್ತಿಯಿಂದ ರೂಪುಗೊಂಡು ಡೆಬಿಯನ್ ಭಂಡಾರವನ್ನು ಸೇರಿವೆ. ಕೊರತೆಯಿರುವುದು ಶಾಲೆ, ಭಾಷಾವಿದ್ವಾಂಸರು ಮತ್ತು ತಂತ್ರಜ್ಞರನ್ನು ಒಂದು ಕ್ರಮಕ್ಕೆ ಒಳಪಡಿಸುವ ಏರ್ಪಾಟಿನದು.

7. ಸುಧಾರಣೆಯ ದಾರಿಗಳು

ಮೇಲಿನ ಚರ್ಚೆಯಿಂದ ಕೆಲವು ಕಾರ್ಯಸಾಧ್ಯ ಸಲಹೆಗಳನ್ನು ಮುಂದಿಡಬಹುದು.

ಒಂದು, ಆದ್ಯತೆಯ ನಿರ್ಣಯ. ಸಾವಿರಾರು ತಂತ್ರಾಂಶಗಳನ್ನು ಒಮ್ಮೆಗೇ ಕನ್ನಡಕ್ಕೆ ತರುವ ಬದಲು ಶಾಲೆಯಲ್ಲಿ ದಿನನಿತ್ಯ ತೆರೆಯುವ ಕೆಲವನ್ನು, ಅಂದರೆ ಕಡತಗಳ ಕಿಟಕಿ, ಪಠ್ಯ ಸಂಪಾದಕ, ಮುದ್ರಣ, ಯಂತ್ರವನ್ನು ಆರಂಭಿಸುವ ಹಾಗೂ ನಿಲ್ಲಿಸುವ ಸೂಚನೆಗಳು ಇವನ್ನು ಸವೆಯದಂತೆ ಕಾಯುವುದು ಮೊದಲ ಕೆಲಸ.

ಎರಡು, ಕಾಲಪಟ್ಟಿ. ಗ್ನೋಮ್ ಆವೃತ್ತಿಗಳು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬರುತ್ತವೆ. ಬಿಡುಗಡೆಗೆ ಮುನ್ನ ಇಂಗ್ಲಿಷ್ ವಾಕ್ಯಗಳನ್ನು ಬದಲಿಸದೆ ಅನುವಾದಕರಿಗೆ ಸಮಯ ಬಿಡುವ ಅವಧಿಯೂ ಇದೆ. ಸ್ನಾತಕೋತ್ತರ ಕನ್ನಡ ವಿಭಾಗಗಳು ಸೆಮಿಸ್ಟರಿಗೊಂದು ಪರಿಶೀಲನಾ ಕಮ್ಮಟವನ್ನು ಪ್ರಾಯೋಗಿಕ ಭಾಷಾಂತರದ ಭಾಗವಾಗಿ ಈ ಅವಧಿಗೆ ಹೊಂದಿಸಿಕೊಳ್ಳಬಹುದು. ಒಬ್ಬರು ಕೈಬಿಟ್ಟರೂ ವಿಭಾಗ ಉಳಿಯುತ್ತದೆ. ನಿರ್ವಹಣೆಗೆ ಬೇಕಾದ ನಿರಂತರತೆ ಇದರಿಂದ ದೊರೆಯುತ್ತದೆ.

ಮೂರು, ಕನ್ನಡದಲ್ಲೇ ದೂರು ಸ್ವೀಕರಿಸುವ ಏರ್ಪಾಟು. ಡೆಬಿಯನ್ನಿನ ದೋಷಪಟ್ಟಿ ಎಲ್ಲರಿಗೂ ತೆರೆದಿದೆ. ಆದರೆ ಅಲ್ಲಿನ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ‘ಈ ವಾಕ್ಯ ಮಕ್ಕಳಿಗೆ ಅರ್ಥವಾಗುವುದಿಲ್ಲ’ ಎಂದು ಶಿಕ್ಷಕರು ಕನ್ನಡದಲ್ಲಿ ಬರೆದದ್ದನ್ನು ಪರಿಶೀಲಿಸಿ ಮೂಲ ಯೋಜನೆಗೆ ತಲಪಿಸುವ ಪೀಠವೊಂದು ಬೇಕು. ತರಬೇತಿ ಇಲಾಖೆ ಮತ್ತು ವಿಶ್ವವಿದ್ಯಾಲಯ ಇದನ್ನು ಕೂಡಿ ನಡೆಸಬಹುದು.

ನಾಲ್ಕು, ತಿದ್ದುಪಡಿಯನ್ನು ಬೇರಿಗೆ ಒಯ್ಯುವ ನಿಯಮ. ಶಾಲೆಗಳಿಗೆಂದು ಸಿದ್ಧಪಡಿಸುವ ಯಾವುದೇ ಸ್ಥಳೀಯ ಆವೃತ್ತಿಯಲ್ಲಿ ಮಾಡಿದ ಕನ್ನಡದ ತಿದ್ದುಪಡಿಯನ್ನು ಮೂಲ ಯೋಜನೆಗೆ ಸಲ್ಲಿಸುವುದು ಕಡ್ಡಾಯವಾಗಬೇಕು.

ಐದು, ಭಾಷಾ ನಿರ್ಣಯಗಳ ಕೈಪಿಡಿ. ಪ್ರತ್ಯಯ ಜೋಡಣೆ, ಗೌರವ ಬಹುವಚನ, ಪಾರಿಭಾಷಿಕ ಪದ, ಅಕಾರಾದಿ ಕ್ರಮ, ಅಗೋಚರ ಸಂಕೇತಗಳ ಬಳಕೆ ಇವುಗಳ ಬಗ್ಗೆ ಒಪ್ಪಿತ ಸೂತ್ರಗಳನ್ನು ಸಂಗ್ರಹಿಸಿ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಬೇಕು. ಪಠ್ಯ ತೆರೆಯಲ್ಲಿ ಪದೇ ಪದೇ ಕಾಣುವ ಇಂಗ್ಲಿಷ್ ದೋಷಸಂದೇಶಗಳ ಕನ್ನಡ ವಿವರಣೆಯನ್ನು ಅನುಬಂಧವಾಗಿ ಮುದ್ರಿಸಿ ಶಾಲೆಗಳಿಗೆ ಕೊಟ್ಟರೆ ತಂತ್ರದ ಮಿತಿಯನ್ನೂ ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಹುದು.

ಸಮಾರೋಪ

ಮುಕ್ತ ತಂತ್ರಾಂಶದ ಪರವಾನಗಿ ತಿದ್ದುವ ಹಕ್ಕನ್ನು ಕೊಡುತ್ತದೆ. ತಿದ್ದುವ ಕೈಗಳನ್ನು ಕೊಡುವುದಿಲ್ಲ. ಜಯನಗರ ಮತ್ತು ಬನಶಂಕರಿಯಿಂದ ಹೊರಟ ಪ್ರಯತ್ನ ಈ ವ್ಯವಸ್ಥೆಯನ್ನು ಕನ್ನಡ ಶಾಲೆಗಳ ಬಾಗಿಲಿಗೆ ಒಯ್ದಿತು. ಅದರೊಳಗಿನ ಕನ್ನಡವನ್ನು ಸುಸ್ಥಿತಿಯಲ್ಲಿ ಇಡುವ ಕೆಲಸ ವ್ಯಾಕರಣ, ನಿಘಂಟು, ಭಾಷಾಂತರಗಳನ್ನು ಬಲ್ಲವರಿಂದ ಆಗಬೇಕಾದುದು. ಎಂಜಿನಿಯರುಗಳು ಉಳಿಸಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ವಿಭಕ್ತಿ, ಸಂಧಿ, ವಚನ, ಅಕಾರಾದಿಗಳಿಗೆ ಸಂಬಂಧಿಸಿದವು. ಇವುಗಳ ಉತ್ತರ ಕನ್ನಡ ವಿಭಾಗಗಳಲ್ಲಿದೆ. ಅದು ತರಗತಿ ಮತ್ತು ಗ್ರಂಥಾಲಯಗಳಿಂದ ಹೊರಟು ತಂತ್ರಾಂಶದ ಮೂಲ ಯೋಜನೆಗಳನ್ನು ತಲಪದಿದ್ದರೆ, ಸರ್ಕಾರಿ ಶಾಲೆಯ ವಿದ್ಯಾರ್ಥಿಯ ಮುಂದಿನ ತೆರೆಯಲ್ಲಿ ಕನ್ನಡ ಆವೃತ್ತಿಯಿಂದ ಆವೃತ್ತಿಗೆ ಕಡಿಮೆಯಾಗುತ್ತ ಹೋಗುವುದನ್ನು ತಡೆಯಲಾಗದು.